ಹಾಡಿನೊಳಗೆ ನಡೆದಾಡಬಹುದೇ? ರೇಡಿಯೊಹೆಡ್, ಒಂದು ವರ್ಚುವಲ್ ಪ್ರದರ್ಶನ ಮತ್ತು ಅಪ್ಪನ ಬಲಗಿವಿ

ಈ ಸಲದ ಕಂತನ್ನು ದಯವಿಟ್ಟು ಹೆಡ್‌ಫೋನ್ ಹಾಕಿಕೊಂಡು ಕೇಳಿ ಅಂತ ಹೇಳೋಣ ಅಂದುಕೊಂಡಿದ್ದೆ. ಆಮೇಲೆ ಬೇಡ ಅನ್ನಿಸಿತು. ಯಾಕೆ ಅಂದ್ರೆ, ಹೆಡ್‌ಫೋನಿನ ಎರಡು ಬಟ್ಟಲಲ್ಲಿ ಒಂದು ಸುಮ್ಮನೆ ಇರುವ ಜನ ನಮ್ಮ ಕೇಳುಗರಲ್ಲೂ ಇದ್ದಾರೆ. ನಮ್ಮ ಮನೆಯಲ್ಲೇ ಒಬ್ಬರಿದ್ದಾರೆ, ನಮ್ಮಪ್ಪ. ಇವತ್ತಿನ ಕಥೆ ಅರ್ಧ ಅವರದು, ಇನ್ನರ್ಧ ಒಂದು ಇಂಗ್ಲಿಷ್ ರಾಕ್ ಬ್ಯಾಂಡಿನದು.

ಕಳೆದ ಚಳಿಗಾಲದಲ್ಲಿ ಅಪ್ಪ ಅಮ್ಮ ಮೈಸೂರಿನಿಂದ ಇಲ್ಲಿಗೆ, ಇಂಗ್ಲೆಂಡಿನ ರೆಡಿಂಗ್‌ಗೆ ಬಂದಿದ್ದರು. ನಾಲ್ಕು ಗಂಟೆಗೇ ಕತ್ತಲೆ, ಹೊರಗೆ ಪಿರಿಪಿರಿ ಮಳೆ, ಟೀವಿಯಲ್ಲಿ ನೋಡೋಕೆ ಏನೂ ಇಲ್ಲ. ಕೆ.ಇ.ಬಿ.ಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದ ಮನುಷ್ಯ ಎಷ್ಟು ದಿನ ಅಂತ ಸೋಫಾ ಮೇಲೆ ಕೂತಿರ್ತಾರೆ? "ಏನಾದ್ರೂ ತೋರಿಸೇ, ತಲೆ ಓಡೋ ಅಂಥದ್ದು" ಅಂದರು. ನಾನು ತೋರಿಸಿದ್ದು ಕಿಡ್ ಎ ಮ್ನೀಸಿಯಾ ಎಕ್ಸಿಬಿಷನ್. ತೋರಿಸುವಾಗ ನನ್ನ ಮನಸ್ಸಲ್ಲಿ ವಿಜ್ಞಾನವೂ ಇರಲಿಲ್ಲ, ಕಂತೂ ಇರಲಿಲ್ಲ. ಎರಡೂ ಆಮೇಲೆ ಬಂದವು.

ಕಂಟೇನರಿನಿಂದ ಕಂಪ್ಯೂಟರಿಗೆ

ಮೊದಲು ಬ್ಯಾಂಡ್ ಬಗ್ಗೆ ನಾಲ್ಕು ಮಾತು. ರೇಡಿಯೊಹೆಡ್ ಹುಟ್ಟಿದ್ದು ನಮ್ಮ ಮನೆಗೆ ಬಹಳ ದೂರವಲ್ಲದ ಆಬಿಂಗ್ಡನ್‌ನಲ್ಲಿ. ಒಂದೇ ಶಾಲೆಯ ಐದು ಹುಡುಗರು 1985ರ ಹೊತ್ತಿಗೆ ಕಟ್ಟಿಕೊಂಡ ತಂಡ. 1997ರಲ್ಲಿ ಬಂದ 'ಓಕೆ ಕಂಪ್ಯೂಟರ್' ಅವರನ್ನು ಜಗತ್ತಿನ ದೊಡ್ಡ ಗಿಟಾರ್ ಬ್ಯಾಂಡ್‌ಗಳ ಸಾಲಿಗೆ ಸೇರಿಸಿತು. ಅಷ್ಟಾದ ಮೇಲೆ ಅವರು ಮಾಡಿದ ಕೆಲಸ ನೋಡಿ, ಗಿಟಾರನ್ನೇ ಪಕ್ಕಕ್ಕಿಟ್ಟರು. 2000ದ ಅಕ್ಟೋಬರಿನಲ್ಲಿ ಬಂದ 'ಕಿಡ್ ಎ' ಆಲ್ಬಮ್‌ನಲ್ಲಿ ಸಿಂಥಸೈಜರ್, ತುಂಡು ತುಂಡು ಮಾಡಿದ ದನಿ, ಕಂಪ್ಯೂಟರ್ ಶಬ್ದ. ಅದೇ ರೆಕಾರ್ಡಿಂಗ್ ಅವಧಿಯಲ್ಲಿ ಉಳಿದ ಹಾಡುಗಳು 2001ರಲ್ಲಿ 'ಆಮ್ನೀಸಿಯಾಕ್' ಆಗಿ ಬಂದವು. ಅಭಿಮಾನಿಗಳಲ್ಲಿ ಅರ್ಧ ಜನ ತಲೆ ಕೆರೆದುಕೊಂಡರು. ಆದರೂ 'ಕಿಡ್ ಎ' ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು.

ಇಪ್ಪತ್ತು ವರ್ಷ ತುಂಬಿದಾಗ ಗಾಯಕ ಥಾಮ್ ಯಾರ್ಕ್ ಮತ್ತು ಬ್ಯಾಂಡಿನ ಚಿತ್ರಕಲಾವಿದ ಸ್ಟ್ಯಾನ್ಲಿ ಡಾನ್‌ವುಡ್ ಒಂದು ಪ್ರದರ್ಶನ ಮಾಡಬೇಕು ಅಂತ ಹೊರಟರು. ಹಡಗಿನಲ್ಲಿ ಸಾಮಾನು ಸಾಗಿಸುವ ಕಬ್ಬಿಣದ ಕಂಟೇನರ್‌ಗಳನ್ನು ಬೆಸುಗೆ ಹಾಕಿ ಜೋಡಿಸುವುದು, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಯಾವುದೋ ಆಕಾಶನೌಕೆ ಬಂದು ಗುದ್ದಿದ ಹಾಗೆ ಅದನ್ನು ನಿಲ್ಲಿಸುವುದು ಅವರ ಕನಸು. ಅಲ್ಲಿ ಆಗಲಿಲ್ಲ. ರಾಯಲ್ ಆಲ್ಬರ್ಟ್ ಹಾಲ್ ಕಡೆ ನೋಡಿದರು, ಅದಕ್ಕೆ ಸ್ಥಳೀಯ ನಗರಾಡಳಿತ ಒಪ್ಪಲಿಲ್ಲ. ಅಷ್ಟೊತ್ತಿಗೆ ಕೋವಿಡ್ ಬಂತು, ಎಲ್ಲ ಬಾಗಿಲೂ ಮುಚ್ಚಿದವು.

ಆಗ ಅವರಿಗೆ ಹೊಳೆದದ್ದು, ಕಟ್ಟಡವೇ ಇಲ್ಲದಿದ್ದರೆ ಗುರುತ್ವಾಕರ್ಷಣೆಯ ಕಟ್ಟುಪಾಡೂ ಇಲ್ಲ, ನಗರಾಡಳಿತದ ಅನುಮತಿಯೂ ಬೇಡ. ವಿಡಿಯೋ ಗೇಮ್ ಕಟ್ಟುವ ತಂತ್ರಾಂಶದಲ್ಲೇ ಪ್ರದರ್ಶನ ಕಟ್ಟಿದರು. ಬ್ಯಾಂಡಿನ ಬಹುಕಾಲದ ನಿರ್ಮಾಪಕ ನೈಜೆಲ್ ಗಾಡ್ರಿಚ್ ಶಬ್ದದ ಕೆಲಸಕ್ಕೆ ಕೂತರು. 2021ರ ನವೆಂಬರ್ 18ರಂದು ಎಪಿಕ್ ಗೇಮ್ಸ್ ಮೂಲಕ ಅದು ಪಿಸಿ, ಮ್ಯಾಕ್ ಮತ್ತು ಪ್ಲೇಸ್ಟೇಷನ್ 5ಕ್ಕೆ ಉಚಿತವಾಗಿ ಬಿಡುಗಡೆಯಾಯಿತು.

ನೋಡೋಕೆ ಗೇಮ್ ಹಾಗೇ ಇದೆ. ಆದರೆ ಇಲ್ಲಿ ಗೆಲ್ಲೋದು ಸೋಲೋದು ಇಲ್ಲ, ಅಂಕ ಇಲ್ಲ, ಗುಂಡು ಹಾರಿಸೋದೂ ಇಲ್ಲ. ಪೆನ್ಸಿಲ್ಲಿನಲ್ಲಿ ಗೀಚಿದಂತಿರುವ ಒಂದು ಕಾಡಿನಲ್ಲಿ ನೀವು ಶುರು ಮಾಡುತ್ತೀರಿ. ಒಳಗೆ ಹೋದರೆ ಓಣಿಗಳು, ಕೋಣೆಗಳು, ದೊಡ್ಡದೊಂದು ಪಿರಮಿಡ್, ಗೋಡೆ ತುಂಬ ಡಾನ್‌ವುಡ್ ಮತ್ತು ಯಾರ್ಕ್ ಇಪ್ಪತ್ತು ವರ್ಷದ ಹಿಂದೆ ಬರೆದ ಚಿತ್ರಗಳು, ಅಳುತ್ತಿರುವ ಗೂಳಿಮುಖದ ಪ್ರಾಣಿ. ನಿಮ್ಮ ಕೆಲಸ ನಡೆಯುವುದು, ನಿಲ್ಲುವುದು, ಕೇಳುವುದು, ಅಷ್ಟೇ. ಅವರು ತಮಗೆ ತಾವೇ ಒಂದು ಕಟ್ಟಳೆ ಹಾಕಿಕೊಂಡಿದ್ದರು: ಹೊಸದಾಗಿ ಏನನ್ನೂ ಹುಟ್ಟಿಸಬಾರದು. ಆಗಿನ ಚಿತ್ರಗಳು ಮತ್ತು ಆಗಿನ ಮಲ್ಟಿಟ್ರ್ಯಾಕ್ ಧ್ವನಿಮುದ್ರಣ, ಇವೆರಡರಿಂದಲೇ ಎಲ್ಲವನ್ನೂ ಕಟ್ಟಬೇಕು.

ಈ ಮಲ್ಟಿಟ್ರ್ಯಾಕ್ ಅನ್ನೋ ಪದ ಇದೆಯಲ್ಲ, ಅಲ್ಲಿಂದಲೇ ನಮ್ಮ ವಿಜ್ಞಾನ ಶುರು.

ಹುಳಿಯನ್ನು ಮತ್ತೆ ಬೇಳೆ, ತರಕಾರಿ ಮಾಡಬಹುದೇ?

ನಾವು ಫೋನಿನಲ್ಲಿ ಕೇಳುವ ಹಾಡು ಒಂದು ರೀತಿ ಕುದ್ದು ಇಳಿಸಿದ ಹುಳಿ. ಸ್ಟುಡಿಯೋದಲ್ಲಿ ಗಾಯಕನ ದನಿ ಒಂದು ಟ್ರ್ಯಾಕ್, ಡ್ರಮ್ ಇನ್ನೊಂದು, ಬೇಸ್ ಮತ್ತೊಂದು, ಹೀಗೆ ಎಲ್ಲ ಬೇರೆ ಬೇರೆ ದಾಖಲಾಗಿರುತ್ತವೆ. ಮಿಕ್ಸಿಂಗ್ ಮಾಡುವವರು ಯಾವುದು ಎಷ್ಟು ಜೋರು, ಯಾವುದು ಎಡಕ್ಕೆ, ಯಾವುದು ಬಲಕ್ಕೆ ಅಂತ ತೀರ್ಮಾನಿಸಿ ಎಲ್ಲವನ್ನೂ ಎರಡೇ ಎರಡು ಸಾಲಿಗೆ ಇಳಿಸುತ್ತಾರೆ. ಅದೇ ಸ್ಟೀರಿಯೊ. ಒಮ್ಮೆ ಇಳಿಸಿದ ಮೇಲೆ ನೀವು ಎಲ್ಲಿ ಕೂತರೂ ಎಷ್ಟು ಸಲ ಕೇಳಿದರೂ ಅದೇ ಪಾಕ.

ಆದರೆ ಜಾತ್ರೆಯಲ್ಲಿ ಹೀಗಿರಲ್ಲ. ರಥಬೀದಿಯ ಈ ತುದಿಯಲ್ಲಿ ನಾಗಸ್ವರ, ಆ ತುದಿಯಲ್ಲಿ ಡೊಳ್ಳು, ಮಧ್ಯೆ ಬಳೆ ಅಂಗಡಿಯವನ ಕೂಗು. ನೀವು ನಡೆದ ಹಾಗೆ ಒಂದು ಹತ್ತಿರ ಬರುತ್ತೆ, ಇನ್ನೊಂದು ಹಿಂದೆ ಉಳಿಯುತ್ತೆ. ಜಾತ್ರೆಯ ಮಿಕ್ಸಿಂಗ್ ಮಾಡೋರು ಯಾರು? ನಿಮ್ಮ ಕಾಲು!

ಪ್ರದರ್ಶನದ ಮೂಲ ಉಪಾಯವೂ ಇದೇ. ಹಾಡನ್ನು ಮತ್ತೆ ಅದರ ಟ್ರ್ಯಾಕ್‌ಗಳಾಗಿ ಬಿಡಿಸಿ, ಒಂದೊಂದನ್ನು ಆ ಕಲ್ಪಿತ ಕಟ್ಟಡದ ಬೇರೆ ಬೇರೆ ಜಾಗದಲ್ಲಿ ಇಡುವುದು. ನೀವು ಓಡಾಡಿದ ಹಾಗೆ ಕಂಪ್ಯೂಟರು ಪ್ರತಿ ಕ್ಷಣ ಲೆಕ್ಕ ಹಾಕುತ್ತಾ ಹೋಗುತ್ತೆ: ಈ ಶಬ್ದಕ್ಕೂ ನಿಮಗೂ ಎಷ್ಟು ದೂರ, ಅದು ನಿಮ್ಮ ಯಾವ ಬದಿಗಿದೆ, ಎಡ ಹೆಡ್‌ಫೋನಿಗೆ ಎಷ್ಟು ಕಳಿಸಬೇಕು, ಬಲಕ್ಕೆ ಎಷ್ಟು. ಕಾಲದಲ್ಲಿ ಹರಿದು ಹೋಗುತ್ತಿದ್ದ ಹಾಡು ಒಂದು ಜಾಗ ಆಗಿಬಿಡುತ್ತದೆ.

ಎಲ್ಲ ಬ್ಯಾಂಡಿಗೂ ಇದು ಹೊಂದುತ್ತಿತ್ತಾ ಅಂದ್ರೆ, ನನಗೆ ಅನುಮಾನ. ಈ ಎರಡು ಆಲ್ಬಮ್‌ಗಳು ಹುಟ್ಟುವಾಗಲೇ ಬಿಡಿಸಿ ಜೋಡಿಸಿದವು. ಒಂದು ಹಾಡಿನಲ್ಲಿ ಯಾರ್ಕ್ ತಿರುಗುಮುರುಗಾಗಿ ಓಡಿಸಿದ ತನ್ನದೇ ದನಿಯನ್ನು ಕಲಿತು ಹಾಗೆಯೇ ಹಾಡಿದ್ದಾರೆ, ಆಮೇಲೆ ಅದನ್ನು ಮತ್ತೆ ತಿರುಗಿಸಿದ್ದಾರೆ. ಪದಗಳು ನೆಟ್ಟಗೆ, ಉಚ್ಚಾರಣೆ ಮಾತ್ರ ಬೇರೆ ಲೋಕದ್ದು. 'ಇಡಿಯೊಟೆಕ್' ಅನ್ನುವ ಹಾಡಿನ ಬೆನ್ನೆಲುಬು ನಾಲ್ಕು ಸ್ವರಮೇಳಗಳು. ಅವನ್ನು ತೆಗೆದುಕೊಂಡದ್ದು ಪಾಲ್ ಲ್ಯಾನ್ಸ್ಕಿ 1973ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕೋಣೆ ತುಂಬುವಷ್ಟು ದೊಡ್ಡ ಐಬಿಎಂ ಕಂಪ್ಯೂಟರಿನಲ್ಲಿ ರಚಿಸಿದ ಸಂಗೀತದಿಂದ. ಜಾನಿ ಗ್ರೀನ್‌ವುಡ್ ನುಡಿಸಿದ ಓಂಡ್ ಮಾರ್ಟೆನೊ ಅನ್ನುವ ವಾದ್ಯ 1928ರದು. ಮೊದಲ ಮಹಾಯುದ್ಧದಲ್ಲಿ ರೇಡಿಯೊ ಕೆಲಸ ಮಾಡಿದ್ದ ಮೋರಿಸ್ ಮಾರ್ಟೆನೊ ಎಂಬ ಫ್ರೆಂಚ್ ಚೆಲ್ಲೋ ವಾದಕ ರೂಪಿಸಿದ್ದು. ಬೆರಳಿಗೆ ಉಂಗುರ ಹಾಕಿಕೊಂಡು ಅದನ್ನು ಎಡಬಲ ಜಾರಿಸಿದರೆ ಸ್ವರ ಕಡಿಯದೆ ಜಾರುತ್ತದೆ. ನಮ್ಮ ಕಿವಿಗೆ ಅದು ಹಳೇ ಸ್ನೇಹಿತ, ಯಾಕೆಂದರೆ ಅದು ಗಮಕದ ಹಾಗೇ ಕೇಳಿಸುತ್ತೆ.

ಇಷ್ಟು ಪೀಠಿಕೆ ಹೇಳಿ ಅಪ್ಪನ ತಲೆಗೆ ಹೆಡ್‌ಫೋನ್ ಹಾಕಿದೆ. ಅರ್ಧ ನಿಮಿಷಕ್ಕೆ ತೆಗೆದು ಮೇಜಿನ ಮೇಲಿಟ್ಟರು. "ಬೇಡ ಬಿಡೇ. ನನಗೆ ಇದೆಲ್ಲ ಅರ್ಧ ಕೇಳಿಸುತ್ತೆ."

ನಾನು ಮರೆತೇಬಿಟ್ಟಿದ್ದೆ.

ಎರಡು ಕಿವಿ ಯಾಕೆ ಬೇಕು?

ಅಪ್ಪನ ಎಡಗಿವಿ ಹೋಗಿ ಆರು ವರ್ಷವಾಯಿತು. ಅವರು ಯಾರಿಗೂ ಹೇಳಿಕೊಳ್ಳಲ್ಲ, ಸುಮ್ಮನೆ ಬಲಗಡೆ ತಿರುಗಿ ಕೂರುತ್ತಾರೆ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಎಡಗಡೆಯವರು ಮಾತಾಡಿಸಿದರೆ ನಕ್ಕು ತಲೆಯಾಡಿಸುತ್ತಾರೆ. ಆಟೋ ಹಾರ್ನ್ ಹೊಡೆದರೆ ಯಾವ ಕಡೆಯಿಂದ ಅಂತ ತಿಳಿಯದೆ ನಿಂತಲ್ಲೇ ನಿಲ್ಲುತ್ತಾರೆ. ಪ್ರತಿವರ್ಷ ತಪ್ಪಿಸದೆ ಹೋಗುತ್ತಿದ್ದ ಗಣಪತಿ ಹಬ್ಬದ ಕಚೇರಿಗಳಿಗೂ ಹೋಗೋದು ಬಿಟ್ಟಿದ್ದರು. ಕೇಳಿದರೆ "ಏನೋ ಗಜಿಬಿಜಿ ಕಣೇ" ಅನ್ನುತ್ತಿದ್ದರು. ಒಂದು ಕಿವಿ ಚೆನ್ನಾಗಿದೆಯಲ್ಲ, ಶಬ್ದ ಸ್ವಲ್ಪ ಕಡಿಮೆ ಕೇಳಬಹುದು, ಗಜಿಬಿಜಿ ಯಾಕಾಗಬೇಕು ಅಂತ ನಾನೂ ಅಂದುಕೊಂಡಿದ್ದೆ.

ಇದನ್ನು ಕೇಳ್ತಾ ಇರುವವರು ಈಗ ಒಂದು ಸಣ್ಣ ಪ್ರಯೋಗ ಮಾಡಿ. ಗಾಡಿ ಓಡಿಸುತ್ತಿದ್ದರೆ ಬೇಡ, ಮನೆಗೆ ಹೋದ ಮೇಲೆ. ಕಣ್ಣು ಮುಚ್ಚಿ ಕೂತುಕೊಳ್ಳಿ. ಮನೆಯವರೊಬ್ಬರು ನಿಮ್ಮ ಸುತ್ತ ಬೇರೆ ಬೇರೆ ಕಡೆ ನಿಂತು ಕೀಲಿಗೊಂಚಲು ಅಲ್ಲಾಡಿಸಲಿ. ಶಬ್ದ ಬಂದ ಕಡೆ ಬೆರಳು ತೋರಿಸಿ. ಬಹುಪಾಲು ಸರಿಯಾಗೇ ತೋರಿಸುತ್ತೀರಿ. ಆಮೇಲೆ ಒಂದು ಕಿವಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ, ತಲೆ ಅಲ್ಲಾಡಿಸದೆ ಅದನ್ನೇ ಮಾಡಿ. ಶಬ್ದವೆಲ್ಲ ತೆರೆದ ಕಿವಿಯ ಕಡೆಯಿಂದಲೇ ಬಂದ ಹಾಗೆ ಅನ್ನಿಸುತ್ತದೆ.

ಯಾಕೆ ಹೀಗೆ? ಬಲಗಡೆಯಿಂದ ಬಂದ ಶಬ್ದ ಬಲಗಿವಿಗೆ ಮೊದಲು ತಲುಪುತ್ತೆ. ಎಡಗಿವಿಗೆ ಹೋಗಲು ತಲೆಯನ್ನು ಸುತ್ತಿಕೊಂಡು ಸುಮಾರು 22 ಸೆಂಟಿಮೀಟರ್ ಹೆಚ್ಚು ದಾರಿ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಲೆಕ್ಕ ಹಾಕಿದರೆ ವ್ಯತ್ಯಾಸ ಸುಮಾರು 0.64 ಮಿಲಿಸೆಕೆಂಡ್, ಅಂದ್ರೆ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಇದು ಗರಿಷ್ಠ. ಶಬ್ದ ನಮ್ಮ ಎದುರಿನಿಂದ ಸ್ವಲ್ಪವೇ ಪಕ್ಕಕ್ಕಿದ್ದಾಗ ವ್ಯತ್ಯಾಸ ಇನ್ನೂ ಚಿಕ್ಕದು. ಪರಿಸ್ಥಿತಿ ಅನುಕೂಲವಾಗಿದ್ದರೆ ಸೆಕೆಂಡಿನ ಒಂದು ಲಕ್ಷದಲ್ಲಿ ಒಂದು ಭಾಗದಷ್ಟು ವ್ಯತ್ಯಾಸವನ್ನೂ ನಮ್ಮ ಮಿದುಳಿನ ಬುಡದಲ್ಲಿರುವ ನರಕೋಶಗಳು ಹಿಡಿಯುತ್ತವೆ. ನಮ್ಮ ಮೈಯಲ್ಲಿ ಇಷ್ಟು ಸೂಕ್ಷ್ಮವಾದ ಗಡಿಯಾರ ಬೇರೆ ಇರಲಾರದು.

ಇದು ಕೆಳಸ್ಥಾಯಿಯ ಶಬ್ದಗಳಿಗೆ. ಮೇಲುಸ್ಥಾಯಿಗೆ ಇನ್ನೊಂದು ಉಪಾಯ. 500 ಹರ್ಟ್ಸ್ ಶಬ್ದದ ಅಲೆ ಸುಮಾರು 70 ಸೆಂಟಿಮೀಟರ್ ಉದ್ದ, ತಲೆಯನ್ನು ಆರಾಮಾಗಿ ಸುತ್ತಿಕೊಂಡು ಹೋಗುತ್ತೆ. 5,000 ಹರ್ಟ್ಸ್ ಅಲೆ 7 ಸೆಂಟಿಮೀಟರ್ ಅಷ್ಟೇ, ಅದಕ್ಕೆ ನಮ್ಮ ತಲೆ ಗೋಡೆಯಿದ್ದ ಹಾಗೆ. ಆಚೆ ಕಿವಿ ತಲೆಯ ನೆರಳಿನಲ್ಲಿ ಉಳಿಯುತ್ತೆ, ಶಬ್ದ ಅಲ್ಲಿ ಕುಗ್ಗುತ್ತೆ. ಹೀಗೆ ಕೆಳಗಿನ ಸ್ವರಕ್ಕೆ ಸಮಯದ ಲೆಕ್ಕ, ಮೇಲಿನ ಸ್ವರಕ್ಕೆ ಜೋರಿನ ಲೆಕ್ಕ ಅಂತ ಲಾರ್ಡ್ ರೇಲಿ 1907ರಲ್ಲೇ ವಿವರಿಸಿದ್ದರು.

ಈ ಲೆಕ್ಕದಿಂದ ದಿಕ್ಕು ತಿಳಿಯೋದು ಒಂದು ಲಾಭ. ಇನ್ನೊಂದು ಲಾಭ ಅದಕ್ಕಿಂತ ದೊಡ್ಡದು, ಬೇರ್ಪಡಿಸುವುದು. ಗದ್ದಲದ ಮನೆಯಲ್ಲಿ ನೀವು ಎದುರಿಗಿರುವವರ ಮಾತನ್ನು ಮಾತ್ರ ಹಿಡಿದುಕೊಳ್ಳಬಲ್ಲಿರಿ, ಅಲ್ವಾ? ಮಾತು ಒಂದು ದಿಕ್ಕಿನಿಂದ, ಗದ್ದಲ ಬೇರೆ ದಿಕ್ಕುಗಳಿಂದ ಬರುತ್ತಿದೆ ಅಂತ ಮಿದುಳು ಎರಡು ಕಿವಿಗಳನ್ನು ಹೋಲಿಸಿ ತಿಳಿದುಕೊಂಡಿರುತ್ತದೆ. ಒಂದು ಕಿವಿ ಹೋದರೆ ಹೋಲಿಕೆಗೆ ಜೊತೆ ಇಲ್ಲ. ಶಬ್ದವೆಲ್ಲ ಒಂದರ ಮೇಲೊಂದು ಬಿದ್ದು ಒಂದೇ ರಾಶಿ. ಹಾಡುಗಾರಿಕೆ, ಪಿಟೀಲು, ಮೃದಂಗ, ಪಕ್ಕದಲ್ಲಿ ಕುರುಕಲು ಪೊಟ್ಟಣ ಬಿಚ್ಚುವವರ ಸದ್ದು, ಎಲ್ಲವೂ ಒಂದೇ ಕಡೆಯಿಂದ. ಅಪ್ಪ ಹೇಳಿದ ಗಜಿಬಿಜಿ ಇದು. ಅವರ ದೂರು ನೂರಕ್ಕೆ ನೂರು ನಿಜವಾಗಿತ್ತು.

ಹೆಡ್‌ಫೋನಿನಲ್ಲಿ ಕಥೆ ಇನ್ನೂ ಕೆಟ್ಟದ್ದು. ಕೋಣೆಯಲ್ಲಾದರೆ ಎಡಗಡೆಯ ಸ್ಪೀಕರಿನ ಶಬ್ದ ಸ್ವಲ್ಪವಾದರೂ ಬಲಗಿವಿಗೆ ಬರುತ್ತೆ. ಹೆಡ್‌ಫೋನಿನಲ್ಲಿ ಎಡಸಾಲಿಗೆ ಹಾಕಿದ್ದು ಎಡಕ್ಕೆ ಮಾತ್ರ. ಅಪ್ಪ ಒಮ್ಮೆ ಹೇಳಿದ್ದರು, 1960ರ ದಶಕದ ಕನ್ನಡ ಸಿನಿಮಾ ಹಾಡು ಮೊಬೈಲಿನಲ್ಲಿ ಚೆನ್ನಾಗಿ ಕೇಳುತ್ತೆ, ಈಗಿನವು ಅರ್ಧಂಬರ್ಧ ಅಂತ. ವಯಸ್ಸಾದವರ ಮಾತು ಅಂತ ನಾವು ನಕ್ಕಿದ್ದೆವು. ಕಾರಣ ಸರಳವಾಗಿದೆ: ಆ ಹಳೇ ಹಾಡುಗಳು ಮೋನೋ, ಎರಡೂ ಕಡೆಗೆ ಒಂದೇ ಶಬ್ದ. ಈಗಿನವು ಸ್ಟೀರಿಯೊ.

ನಡುವೆ ಒಂದು ಮುಖ್ಯವಾದ ಮಾತು

ಅಪ್ಪನ ಕಿವಿ ಹೋದದ್ದು ಒಂದೇ ಬೆಳಗ್ಗೆ. ಎದ್ದು ಎಡಗಿವಿಗೆ ಫೋನ್ ಇಟ್ಟರೆ ಸದ್ದಿಲ್ಲ, ಜೊತೆಗೆ ಗುಂಯ್ ಅನ್ನುವ ಶಬ್ದ. ನೆಗಡಿ ಇರಬೇಕು ಅಂತ ಒಂದು ವಾರ ಸುಮ್ಮನಿದ್ದರು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಗುಗ್ಗೆ ಕಟ್ಟಿದೆ ಅಂತ ಹನಿ ಔಷಧ ಕೊಟ್ಟರು. ಅದರಲ್ಲಿ ಇನ್ನೆರಡು ವಾರ. ಕೊನೆಗೆ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ತೊಂದರೆ ಇದ್ದದ್ದು ಒಳಗಿವಿಯಲ್ಲಿ. ಆಗ ತಡವಾಗಿತ್ತು.

ನಾನು ಆಗ ಇಲ್ಲಿದ್ದೆ. ವಾರಕ್ಕೆರಡು ಸಲ ಫೋನಿನಲ್ಲಿ ಮಾತಾಡುತ್ತಿದ್ದೆ. "ಕಿವಿ ಸ್ವಲ್ಪ ಕಟ್ಟಿದೆ" ಅಂದಾಗ "ಎಣ್ಣೆ ಬಿಟ್ಕೊಳ್ಳಬೇಡಿ ಅಪ್ಪ" ಅಂತಷ್ಟೇ ಹೇಳಿದ್ದೆ. ವಿಜ್ಞಾನದ ಪಾಡ್‌ಕಾಸ್ಟ್ ಮಾಡುವವಳಿಗೆ ಇಷ್ಟು ಗೊತ್ತಿರಲಿಲ್ಲ ಅನ್ನೋದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಅದಕ್ಕೇ ಇಲ್ಲಿ ಸ್ಪಷ್ಟವಾಗಿ ಹೇಳುತ್ತೇನೆ. ಒಂದು ಕಿವಿ ಇದ್ದಕ್ಕಿದ್ದಂತೆ, ಕೆಲವು ಗಂಟೆಗಳಲ್ಲಿ ಅಥವಾ ಎರಡು ಮೂರು ದಿನಗಳಲ್ಲಿ ಕೇಳಿಸುವುದು ನಿಂತರೆ ಅದನ್ನು ತುರ್ತು ಸ್ಥಿತಿ ಅಂತಲೇ ತಿಳಿಯಿರಿ. ಕಾದು ನೋಡಬೇಡಿ. ಕಿವಿ ಮೂಗು ಗಂಟಲಿನ ವೈದ್ಯರ ಬಳಿ ಅವತ್ತೇ ಹೋಗಿ, ಶ್ರವಣ ಪರೀಕ್ಷೆ ಮಾಡಿಸಿ ಅಂತ ಕೇಳಿ. ಇದಕ್ಕೆ ಸಾಮಾನ್ಯವಾಗಿ ಕೊಡುವ ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಎರಡು ವಾರದೊಳಗೆ ಶುರುವಾದರೆ ಕಿವಿ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಎಲ್ಲರಿಗೂ ವಾಪಸ್ ಬರುತ್ತೆ ಅಂತಲ್ಲ. ಆದರೆ ದಿನ ಕಳೆದಷ್ಟೂ ಬಾಗಿಲು ಮುಚ್ಚುತ್ತಾ ಹೋಗುತ್ತೆ. ಊರಲ್ಲಿರುವ ಅಪ್ಪ ಅಮ್ಮನಿಗೆ ಈ ಒಂದು ಮಾತು ಇವತ್ತೇ ಹೇಳಿಬಿಡಿ.

ಒಂದು ಕಿವಿ ಮಾಡಬಲ್ಲ ಕೆಲಸ

ಈಗ ಮತ್ತೆ ನಮ್ಮ ಸೋಫಾಗೆ ಬರೋಣ. ಅಪ್ಪ ಹೆಡ್‌ಫೋನ್ ತೆಗೆದಿಟ್ಟಿದ್ದಾರೆ. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪ, ಇದು ರೆಕಾರ್ಡ್ ಥರ ಅಲ್ಲ. ನೀವೇ ಓಡಾಡಬಹುದು. ಒಂದು ಸಲ ನೀವೇ ನಡೆಸಿ ನೋಡಿ" ಅಂದೆ. ಯಾವ ಗುಂಡಿ ಒತ್ತಿದರೆ ಮುಂದೆ ಹೋಗುತ್ತೆ, ಮೌಸ್ ಎತ್ತ ತಿರುಗಿಸಿದರೆ ಎತ್ತ ನೋಟ ಹೊರಳುತ್ತೆ ಅಂತ ಹೇಳಿಕೊಟ್ಟೆ. ಮೊದಲ ಹತ್ತು ನಿಮಿಷ ಗೋಡೆಗೆ ಡಿಕ್ಕಿ ಹೊಡೆಯೋದರಲ್ಲೇ ಹೋಯಿತು. ಅಮ್ಮ ಅಡುಗೆಮನೆಯಿಂದ ಇಣುಕಿ "ಸ್ಕೂಟರ್ ಕಲಿಯುವಾಗಲೂ ಹೀಗೇ ಇದ್ರು" ಅಂದರು.

ಆಮೇಲೆ ಒಂದು ಕಡೆ ಅಪ್ಪ ನಿಂತರು. "ತಡಿ ತಡಿ, ಅದೇನೋ ಬಂತು." ಮೌಸನ್ನು ಬಲಕ್ಕೆ ತಿರುಗಿಸಿದರು. "ಹೋಯ್ತು." ಎಡಕ್ಕೆ ತಿರುಗಿಸಿದರು. "ಈಗ ಬಂತು ನೋಡು." ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ. ಆಮೇಲೆ ನಿಧಾನವಾಗಿ ಆ ಶಬ್ದದ ಕಡೆಗೆ ನಡೆದರು. ಅದು ತಂತಿವಾದ್ಯಗಳ ಒಂದು ಅಲೆ. ಹತ್ತಿರ ಹೋದಷ್ಟೂ ತುಂಬಿಕೊಂಡಿತು. ಅಲ್ಲೇ ನಿಂತರು. ನಾನು ಕಾಫಿ ಮಾಡಿ ತಂದಾಗಲೂ ಅಲ್ಲೇ ಇದ್ದರು.

ಅಲ್ಲಿ ಏನಾಯಿತು? ಶಬ್ದ ಅಪ್ಪನ ಎಡಗಡೆಗೆ ಇದ್ದಾಗ ಅದು ಹೆಡ್‌ಫೋನಿನ ಎಡಸಾಲಿನಲ್ಲಿತ್ತು, ಅವರ ಪಾಲಿಗೆ ಇಲ್ಲವೇ ಇಲ್ಲ. ರೆಕಾರ್ಡಿನಲ್ಲಾದರೆ ಕಥೆ ಅಲ್ಲಿಗೆ ಮುಗಿಯಿತು. ಇಲ್ಲಿ ಅವರು ಎಡಕ್ಕೆ ತಿರುಗಿದರು, ಅದೇ ಶಬ್ದ ಈಗ ಎದುರಿಗೆ, ಇನ್ನೂ ತಿರುಗಿದರೆ ಬಲಕ್ಕೆ. ಅಂದರೆ ಎರಡು ಕಿವಿ ಒಂದೇ ಕ್ಷಣದಲ್ಲಿ ಮಾಡುವ ಹೋಲಿಕೆಯನ್ನು ಅಪ್ಪ ಒಂದೇ ಕಿವಿಯಲ್ಲಿ, ಒಂದಾದ ಮೇಲೊಂದರಂತೆ ಮಾಡಿದರು. ಮೊದಲು ಹೀಗೆ ಕೇಳಿದೆ, ತಿರುಗಿದ ಮೇಲೆ ಹಾಗೆ ಕೇಳಿದೆ, ಹಾಗಾದರೆ ಶಬ್ದ ಇಲ್ಲಿರಬೇಕು. ನಿಧಾನ ಹೌದು, ಆದರೆ ಕೆಲಸ ಆಗುತ್ತೆ.

ದೂರದ ಲೆಕ್ಕಕ್ಕಂತೂ ಎರಡನೇ ಕಿವಿಯನ್ನು ಅಷ್ಟಾಗಿ ನೆಚ್ಚಬೇಕಿಲ್ಲ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತೆ. ಕಟ್ಟಡದೊಳಗೆ ಇನ್ನೊಂದು ಸುಳಿವೂ ಸಿಗುತ್ತೆ. ವಿಜಯಪುರದ ಗೋಳಗುಮ್ಮಟಕ್ಕೆ ಹೋದವರಿಗೆ ನೆನಪಿರಬಹುದು, ಮೇಲಿನ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ ಮರಳಿ ಬರುತ್ತೆ. ಅಷ್ಟು ಜೋರಾಗಿ ಅಲ್ಲದಿದ್ದರೂ ಪ್ರತಿ ಕೋಣೆಯೂ ಹೀಗೆ ಶಬ್ದವನ್ನು ಮರಳಿಸುತ್ತಿರುತ್ತದೆ. ಮೂಲ ಹತ್ತಿರವಿದ್ದರೆ ನೇರವಾಗಿ ಬಂದ ಶಬ್ದವೇ ಹೆಚ್ಚು, ದೂರವಿದ್ದರೆ ಗೋಡೆಗೆ ಬಡಿದು ಬಂದದ್ದೇ ಹೆಚ್ಚು. ದೇವಸ್ಥಾನದ ಪ್ರಾಕಾರದಲ್ಲಿ ನಿಂತಾಗ ಗರ್ಭಗುಡಿಯ ಮಂತ್ರ ಮಸುಕಾಗಿ, ಬಾಗಿಲ ಬಳಿ ಹೋದರೆ ಅಕ್ಷರ ಅಕ್ಷರ ಸ್ಪಷ್ಟವಾಗಿ ಕೇಳುವುದು ಇದೇ ಕಾರಣಕ್ಕೆ. ಈ ಸುಳಿವು ಒಂದು ಕಿವಿಗೂ ಸಿಗುತ್ತದೆ. ಕಲ್ಪಿತ ಕಟ್ಟಡಗಳಿಗೆ ಶಬ್ದ ಕೂರಿಸುವವರು ಇದೇ ನಿಯಮಗಳನ್ನು ಗಣಿತವಾಗಿ ಬರೆಯುತ್ತಾರೆ.

ಅಂದ ಹಾಗೆ, ಕೇಳುವುದು ಕಲಿಯಬಹುದಾದ ವಿದ್ಯೆ. ಹೊರಗಿವಿಯ ಮಡಿಕೆಗಳು ಶಬ್ದವನ್ನು ಸ್ವಲ್ಪ ತಿದ್ದಿ ಒಳಗೆ ಕಳಿಸುತ್ತವೆ. ಶಬ್ದ ಮೇಲಿನಿಂದ ಬಂತೋ ಕೆಳಗಿನಿಂದಲೋ ಅಂತ ನಾವು ತಿಳಿಯುವುದು ಮುಖ್ಯವಾಗಿ ಆ ತಿದ್ದುಪಡಿಯಿಂದ. 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆಲವರ ಕಿವಿಯೊಳಗೆ ಅಚ್ಚು ಕೂರಿಸಿ ಮಡಿಕೆಗಳ ಆಕಾರವನ್ನೇ ಬದಲಿಸಿದರು. ಮೊದಲು ಮೇಲೆ ಕೆಳಗೆ ತಿಳಿಯದೆ ಒದ್ದಾಡಿದವರು ಕೆಲವು ವಾರಗಳಲ್ಲಿ ಹೊಸ ಕಿವಿಗೆ ಹೊಂದಿಕೊಂಡರು. ಅಚ್ಚು ತೆಗೆದಾಗ ಹಳೆಯದನ್ನೂ ಮರೆತಿರಲಿಲ್ಲ. ಎರಡು ಭಾಷೆ ಮಾತಾಡಿದ ಹಾಗೆ! ಹೊರದೇಶದಲ್ಲಿರುವ ನಮಗೆ ಇದು ಬೇಗ ಅರ್ಥ ಆಗುತ್ತೆ.

ಇದು ಮದ್ದಲ್ಲ

ಹಾಗಂತ ನಾನು ಪವಾಡ ಮಾರೋಕೆ ಬಂದಿಲ್ಲ. ಈ ಪ್ರದರ್ಶನವನ್ನು ಒಂದು ಕಿವಿಯವರಿಗಾಗಿ ಮಾಡಿದ್ದಲ್ಲ. ಅಪ್ಪನಿಗೆ ಆದದ್ದು ಒಬ್ಬರ ಅನುಭವ, ಪ್ರಯೋಗಾಲಯದ ಫಲಿತಾಂಶ ಅಲ್ಲ. ಎಡಗಿವಿಗೆ ಒಂದು ಸ್ವರವೂ ವಾಪಸ್ ಬಂದಿಲ್ಲ. ಪರದೆ ಮೇಲೆ ಬೇಗ ಬೇಗ ತಿರುಗಿದರೆ ಕೆಲವರಿಗೆ ತಲೆ ಸುತ್ತುತ್ತೆ, ಅಪ್ಪನಿಗೂ ಒಮ್ಮೆ ಸುತ್ತಿತು. ಇನ್ನು ಸಂಗೀತದ ಬಗ್ಗೆ ಅವರ ಅಭಿಪ್ರಾಯ ಕೇಳಿದರೆ ರೇಡಿಯೊಹೆಡ್ ಅಭಿಮಾನಿಗಳು ಬೇಜಾರಾಗಬಾರದು: "ಶ್ರುತಿ ಮಾಡ್ಕೊಳ್ಳೋದೇ ಮುಗಿಯಲ್ಲವಲ್ಲೇ ಇವರದು!"

ಆದರೆ ಒಂದು ವಿಷಯ ಸ್ಪಷ್ಟವಾಯಿತು. ರೆಕಾರ್ಡ್ ಅನ್ನುವುದು ಒಬ್ಬ ಕೇಳುಗನನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಅವನಿಗೆ ಎರಡು ಕಿವಿ, ಅವನು ಎರಡು ಸ್ಪೀಕರುಗಳ ಸರಿಯಾದ ಮಧ್ಯದಲ್ಲಿ ಕೂತಿರುತ್ತಾನೆ, ಅಲ್ಲಾಡಲ್ಲ. ಅವನಿಗಿಂತ ಬೇರೆ ಥರ ಇರುವವರಿಗೆ ಸಿಕ್ಕಷ್ಟು ಸಿಕ್ಕಿತು. ನಡೆದಾಡುವ ಸಂಗೀತದಲ್ಲಿ ಅಂಥ ಒಂದೇ ಸರಿಯಾದ ಜಾಗ ಇರೋದಿಲ್ಲ. ನಿಮ್ಮ ಕಿವಿ ಹೇಗಿದೆಯೋ ಅದಕ್ಕೆ ತಕ್ಕ ಜಾಗವನ್ನು ನೀವೇ ಹುಡುಕಿಕೊಳ್ಳಬಹುದು.

ನಿಮ್ಮ ಮನೆಯಲ್ಲೂ ಒಂದು ಕಿವಿ ಕೇಳದವರಿದ್ದರೆ ಎರಡು ಸಣ್ಣ ಉಪಾಯ. ಒಂದು, ಈಗಿನ ಹೆಚ್ಚಿನ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ, ಅಕ್ಸೆಸಿಬಿಲಿಟಿ ಅನ್ನುವ ಕಡೆ ಮೋನೋ ಆಡಿಯೋ ಅಂತ ಒಂದು ಗುಂಡಿ ಇರುತ್ತೆ. ಅದನ್ನು ಒತ್ತಿದರೆ ಎರಡೂ ಸಾಲು ಸೇರಿ ಒಂದೇ ಕಿವಿಗೆ ಪೂರ್ತಿ ಹಾಡು ಬರುತ್ತೆ. ಅಪ್ಪನ ಫೋನಿನಲ್ಲಿ ಆರು ವರ್ಷ ನಾವ್ಯಾರೂ ಅದನ್ನು ಒತ್ತಿಕೊಟ್ಟಿರಲಿಲ್ಲ. ನೆನಪಿಡಿ, ಈ ಪ್ರದರ್ಶನದಂಥ ಕಡೆ ಮಾತ್ರ ಅದನ್ನು ಹಾಕಬೇಡಿ, ಹಾಕಿದರೆ ದಿಕ್ಕು ಅಳಿಸಿಹೋಗುತ್ತೆ. ಎರಡು, ಸಭೆಯಲ್ಲಿ, ಊಟದ ಮನೆಯಲ್ಲಿ ಅವರಿಗೆ ಜಾಗ ಆರಿಸಿಕೊಳ್ಳಲು ಬಿಡಿ. ಚೆನ್ನಾಗಿ ಕೇಳುವ ಕಿವಿ ಜನರ ಕಡೆಗೆ, ಕೇಳದ ಕಿವಿ ಗೋಡೆಯ ಕಡೆಗೆ.

ಅಪ್ಪ ಅಮ್ಮ ಮಾರ್ಚಿನಲ್ಲಿ ಊರಿಗೆ ಹೊರಟರು. ಹೊರಡುವ ಹೊತ್ತಿಗೆ ಅಪ್ಪ ಆ ಕಟ್ಟಡವನ್ನು ನಾಲ್ಕೈದು ಸಲ ಸುತ್ತಿದ್ದರು. ಗಣಪತಿ ಹಬ್ಬ ಮುಗಿದ ಮೇಲೆ ಒಂದು ರಾತ್ರಿ ಫೋನ್ ಬಂತು. ಬಹಳ ವರ್ಷದ ಮೇಲೆ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸ್ ಗಣಪತಿ ಪೆಂಡಾಲಿನ ಕಚೇರಿಗೆ ಹೋಗಿದ್ದರಂತೆ.

"ಎಲ್ಲಿ ಕೂತಿದ್ರಿ ಅಪ್ಪ?" ಅಂದೆ.

"ಮೊದಲು ಮಧ್ಯದಲ್ಲಿ ಕೂತೆ, ಅದೇ ಗಜಿಬಿಜಿ. ಎದ್ದು ಎಡಗಡೆ ತುದಿಗೆ ಹೋದೆ, ವೇದಿಕೆ ನನ್ನ ಬಲಕ್ಕೆ ಬರೋ ಹಾಗೆ. ಅಲ್ಲಿ ಸ್ಪೀಕರ್ ಜಾಸ್ತಿ ಆಯ್ತು. ಎರಡು ಸಾಲು ಹಿಂದೆ ಬಂದೆ. ಪಕ್ಕದವರು, ಯಾಕ್ರೀ ಓಡಾಡ್ತೀರಿ, ಕೂತ್ಕೊಳ್ಳಿ ಅಂದ್ರು. ತಾಳ್ರೀ, ಪಿಟೀಲು ಹುಡುಕ್ತಾ ಇದ್ದೀನಿ ಅಂದೆ."

"ಸಿಕ್ತಾ?"

"ತನಿ ಆವರ್ತನಕ್ಕೆ ಮುಂಚೆ ಸಿಕ್ತು ಕಣೇ."

ಇವತ್ತಿಗೆ ಇಷ್ಟು. ಈ ಕಂತನ್ನು ಊರಿನಲ್ಲಿರುವ ಹಿರಿಯರ ಜೊತೆ ಹಂಚಿಕೊಳ್ಳಿ. ಇದ್ದಕ್ಕಿದ್ದಂತೆ ಕಿವಿ ಕೇಳಿಸದಿದ್ದರೆ ಅವತ್ತೇ ವೈದ್ಯರ ಬಳಿ ಹೋಗಬೇಕು ಅನ್ನುವ ಮಾತನ್ನಂತೂ ತಪ್ಪದೆ ಹೇಳಿ.